ಅಪ್ಪನ ದನಿಗೆ ಬಂದ ಜೇಡ

ಮೊದಲಿಗೇ ಹೇಳಿಬಿಡುತ್ತೇನೆ: ದಡ್ಡತನ ನನ್ನದು, ದನಿ ಮಾತ್ರ ಅಪ್ಪನದು. ಅಪ್ಪ ಸ್ನಾನಕ್ಕೆ ಹೋಗಿದ್ದಾಗ ಅವನ ಫೋನು ಎತ್ತಿ, ಅವನದೇ ದನಿಯಲ್ಲಿ ಮಾತಾಡಿ, ಎದುರಿನವರು ಹೇಳಿದ್ದನ್ನು ಅರ್ಧಕ್ಕರ್ಧ ತಪ್ಪು ತಿಳಿದು, ಅಂಗೈ ಅಗಲದ, ಮೈತುಂಬ ಕೂದಲಿನ ಪರದೇಶಿ ಜೇಡವೊಂದನ್ನು ಮನೆಗೆ ಕರೆಸಿಕೊಂಡವನು ನಾನೇ. ಮುಂದೆ ಓದುತ್ತ ಓದುತ್ತ "ಪಾಪ, ಹುಡುಗ" ಎಂದು ನಿಮಗೆಲ್ಲಾದರೂ ಅನ್ನಿಸಿದರೆ ದಯವಿಟ್ಟು ಇಲ್ಲಿಗೆ ವಾಪಸು ಬಂದು ಈ ಸಾಲುಗಳನ್ನು ಇನ್ನೊಮ್ಮೆ ಓದಿಕೊಳ್ಳಿ.

ಇದೆಲ್ಲ ಈಗ ನೆನಪಾದದ್ದು ಮೊನ್ನೆ ರಬ್ಬರ್ ಬ್ಯಾಂಡಿಗೆಂದು ಅಪ್ಪನ ಮೇಜಿನ ಖಾನೆ ತಡಕಾಡಿದಾಗ. ತೊಗರಿ ಸ್ಯಾಂಪಲ್ಲಿನ ಪೊಟ್ಟಣಗಳ ನಡುವೆ ಒಂದು ಪೊಟ್ಟಣ ತೂಕವೇ ಇಲ್ಲದಷ್ಟು ಹಗುರವಾಗಿತ್ತು. ಬಿಚ್ಚಿದರೆ ಒಳಗೆ ಎಂಟು ತೋಳಿನ ಅಂಗಿ! ಜೇಡ ಕಳಚಿಟ್ಟ ಪೊರೆ. ಕಾಲ ತುದಿಯ ಕೂದಲೂ ಹಾಗೇ ಇತ್ತು. ನನ್ನ ಹತ್ತನೆಯ ಇಯತ್ತೆಯ ಫೋಟೋವನ್ನು ಎಲ್ಲಿಟ್ಟೆ ಎಂದು ಅಪ್ಪನನ್ನು ಕೇಳಿದರೆ ಇವತ್ತಿಗೂ "ಎಲ್ಲೋ ಇರಬೇಕು ನೋಡು" ಎನ್ನುತ್ತಾನೆ.

ನನ್ನ ಉದ್ಯೋಗ ದನಿಯದು. ಕಲಬುರಗಿಯ ಓಣಿಗಳಲ್ಲಿ ಮೈಕು ಕಟ್ಟಿಕೊಂಡು ತಿರುಗುವ ಆಟೋಗಳಲ್ಲಿ ಸೀರೆಯ ಸೇಲು, ಕಣ್ಣಿನ ತಪಾಸಣೆ, ಕಳೆದುಹೋದ ಎಮ್ಮೆ ಇತ್ಯಾದಿಗಳ ಬಗ್ಗೆ ಒದರುವ ದನಿ ಹೆಚ್ಚಾಗಿ ನನ್ನದೇ. ಬಿಸಿಲಿಗೆ ಬಾಗಿಲು ಹಾಕಿಕೊಂಡು ಮಲಗಿದ ಮಂದಿಯ ಬೈಗುಳವೂ ನನಗೇ ಸಲ್ಲಬೇಕು. ಅನ್ಯರ ದನಿ ತೆಗೆಯುವ ಚಟ ಮಾತ್ರ ಉದ್ಯೋಗಕ್ಕಿಂತ ಹಳೆಯದು. ಬಸ್ಸಿನ ಕಂಡಕ್ಟರ್, ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಹೆಂಗಸು, ಮೂಗಿನಲ್ಲಿ ಹಾಜರಿ ಕೂಗುತ್ತಿದ್ದ ನಮ್ಮ ಗಣಿತದ ಮಾಸ್ತರರು, ಯಾರನ್ನೂ ಬಿಟ್ಟವನಲ್ಲ. ಕೋಟೆಯ ಹಿಂದಿನ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಬಾನು ಖಾಲಾ ತಮ್ಮ ಮೇಕೆಯನ್ನು ಕರೆಯುವ ದನಿಯನ್ನು ಎಷ್ಟು ಪಕ್ಕಾ ತೆಗೆಯುತ್ತಿದ್ದೆನೆಂದರೆ ಮೇಕೆ ಓಡಿ ಬರುತ್ತಿತ್ತು. ನನ್ನ ಮುಖ ನೋಡಿ, ಒಂದು ಕ್ಷಣ ನಿಂತು, ತಿರಸ್ಕಾರದಿಂದ ತಿರುಗಿ ಹೋಗುತ್ತಿತ್ತು. ನನ್ನ ಕಲೆಗೆ ಸಿಕ್ಕ ಮೊದಲ ವಿಮರ್ಶೆ ಅದು.

ಅಪ್ಪನ ದನಿ ಎಲ್ಲಕ್ಕಿಂತ ಸಲೀಸು. ಮೊದಲು ಗಂಟಲಲ್ಲಿ ಕಲ್ಲು ಹೊರಳಿದ ಹಾಗೆ ಒಂದು ಕೆಮ್ಮು. ಆಮೇಲೆ ಉದ್ದಕ್ಕೆ ಎಳೆದ "ಹಾಂ". ಕೊನೆಗೆ, ಮಾತು ಯಾವುದೇ ಇರಲಿ, "ಆತು, ಕಳಸ್ರಿ."

ಈ "ಆತು, ಕಳಸ್ರಿ" ಎಂಬುದನ್ನು ಸ್ವಲ್ಪ ವಿವರಿಸಬೇಕು. ಅಪ್ಪ ಗಂಜಿನಲ್ಲಿ, ಎಂದರೆ ನಮ್ಮೂರ ಕಾಳಿನ ಪೇಟೆಯಲ್ಲಿ, ತೊಗರಿಯ ದಲಾಲಿ. ಅಲ್ಲಿ ಸಹಿ ಆಮೇಲೆ, ಮಾತು ಮೊದಲು. ಅಪ್ಪ ಫೋನಿನಲ್ಲಿ "ಆತು, ಕಳಸ್ರಿ" ಎಂದನೆಂದರೆ ಅತ್ತ ಲಾರಿ ಚಾಲೂ ಆಗುತ್ತದೆ. ಆಮೇಲೆ ತೊಗರಿಯ ಭಾವ ಬೀಳಲಿ, ಮಳೆ ಬರಲಿ, "ನಾ ಅಂದಿಲ್ಲ" ಎನ್ನುವಂತಿಲ್ಲ. ಹಾಗೆ ಅಂದವನ ಫೋನನ್ನು ಮರುದಿನ ಗಂಜಿನಲ್ಲಿ ಯಾರೂ ಎತ್ತುವುದಿಲ್ಲ. ಅಪ್ಪ ಇಷ್ಟು ವರ್ಷ ಆ ಎರಡು ಶಬ್ದಗಳ ಮೇಲೆ ನಮಗೆಲ್ಲ ರೊಟ್ಟಿ ತಿನ್ನಿಸಿದ್ದಾನೆ. ಅವನ್ನೇ ನಾನು ಬಚ್ಚಲ ಬಾಗಿಲ ಹೊರಗೆ ನಿಂತು ಪುಕ್ಕಟೆ ಹಂಚಿದೆ.

ಆವತ್ತು ಫೋನು ಮಾಡಿದ್ದು ಕಮಲಾಪುರದ ಕಾಶಪ್ಪ. ಅರ್ಧ ಹೊಲದಲ್ಲಿ ಕೆಂಪು ಬಾಳೆ, ಇನ್ನರ್ಧದಲ್ಲಿ ತೊಗರಿ ಬೆಳೆಯುವ ರೈತ, ಅಪ್ಪನ ಹಳೆಯ ಗಿರಾಕಿ. ನಾನು ಕಲ್ಲು ಹೊರಳಿಸಿ ಕೆಮ್ಮಿದೆ.

"ಹಾಂ... ಕಾಶಪ್ಪ, ಹೇಳ್ರಿ."

"ಸಾವಕಾರ್ರ, ನಮ್ಮ ಹುಡುಗನ ಕಡಿ ಒಂದು ತರಾಂಟುಲಾ ಅದ್ರೀ. ನಮ್ಮ ಮನ್ಯಾಗ ಇಡಾಕ ಆಗವಲ್ದು. ನಿಮ್ಮ ಕಡಿ ಕಳಸ್ಲೇನು?"

ನೀವೇ ಹೇಳಿ. ತೊಗರಿಯಲ್ಲಿ ಬಿಳಿಯದಿದೆ, ಕೆಂಪಿದೆ, ಬರೀ ಅಂಕಿ ಅಕ್ಷರಗಳ ಹೆಸರಿನವಿವೆ. ಹಂಗಾಮಿಗೊಂದು ಹೊಸ ತಳಿಯ ಹೆಸರು ಅಪ್ಪನ ಬಾಯಿಂದ ಕೇಳುತ್ತಲೇ ಬೆಳೆದವನು ನಾನು. ತರಾಂಟುಲಾ ಎಂದರೆ ಇನ್ನೊಂದು ತರ ಎಂದುಕೊಂಡೆ. ದಲಾಲಿಯ ಮಗನಾಗಿ ಕೇಳಬೇಕಾದ್ದನ್ನೇ ಕೇಳಿದೆ.

"ಬಣ್ಣ ಹೆಂಗದ?"

"ಕಂದು ಅದರೀ. ಬಿಸಲಿಗೆ ಹಿಡದ್ರ ಸ್ವಲ್ಪ ಗುಲಾಬಿ ಹೊಡೀತದ."

"ಹಸಿ ಇಲ್ಲಲ್ಲ?"

"ಇಲ್ರೀ, ಒಣಾ ಜಾಗಾದಾಗೇ ಇಟ್ಟೀವಿ. ಹಸಿ ತಾಕಿದ್ರ ಕೆಡ್ತದಂತ."

"ಎಷ್ಟದ?"

"ಒಂದೇ ಅದರೀ."

ಒಂದೇ ಚೀಲ. ಇಷ್ಟಕ್ಕೆ ಈ ಮನುಷ್ಯ ಇಷ್ಟು ಸಂಕೋಚ ಪಡುವುದೇಕೆ ಎನ್ನಿಸಿ ಕೊನೆಯ ಪ್ರಶ್ನೆಯನ್ನೂ ಕೇಳಿದೆ. "ಹುಳಾ ಗಿಳಾ ಹತ್ತಿಲ್ಲಲ್ಲ?"

ಅತ್ತ ಕಾಶಪ್ಪ ಬಿದ್ದು ಬಿದ್ದು ನಕ್ಕ. "ಏ ಸಾವಕಾರ್ರ, ಚ್ಯಾಷ್ಟಿ ಮಾಡ್ತೀರಲ್ಲ! ಹುಳಾನೇ ಅಲ್ಲೇನ್ರೀ ಅದು!"

ತನ್ನ ಮಾಲು ಪೂರಾ ಹುಳ ಹಿಡಿದದ್ದು ಎಂದು ತಾನೇ ಒಪ್ಪಿಕೊಂಡ ರೈತನನ್ನು ನಾನು ಅದೇ ಮೊದಲ ಸಲ ಕಂಡದ್ದು. ಕರಗಿಹೋದೆ. ಅಪ್ಪನ ದನಿಯಲ್ಲಿ, ಅಪ್ಪನಿಗಿಲ್ಲದ ಔದಾರ್ಯದಲ್ಲಿ, "ಹುಳಾ ಇದ್ರೂ ನಡೀತದ. ಆತು, ಕಳಸ್ರಿ" ಎಂದುಬಿಟ್ಟೆ.

"ದೇವರು ನಿಮ್ಮನ್ನ ಛಲೋ ಇಟ್ಟಿರ್ಲಿ. ನಮ್ಮಾಕಿ ನಾಳೆನೇ ಅದಕ್ಕ ಸ್ಪ್ರೇ ಹೊಡಿಯಾಕಿ ಇದ್ದಳು."

ತೊಗರಿಗೆ ಸ್ಪ್ರೇ ಹೊಡೆಯದವರು ಯಾರು? ಅದೂ ನನಗೆ ಸಹಜವಾಗಿಯೇ ಕೇಳಿಸಿತು.

ಮರುದಿನ ಸಂಜೆ ಕಾಶಪ್ಪನ ಮಗ ಮಲ್ಲು ಬಂದ. ಕಾಲೇಜು ಕಲಿಯುವಾಗ ನನ್ನ ಜೊತೆ ಬೆಂಚಿನ ಮೇಲೆ ಕೂತವನು. ಎಲ್ಲರೂ ನಾಯಿ, ಪಾರಿವಾಳ ಎನ್ನುವ ಕಾಲಕ್ಕೆ ಯಾರಿಂದಲೋ ಈ ಜೇಡವನ್ನು ತಂದು ಮರಿಯಿಂದ ಸಾಕಿದ್ದನಂತೆ. ಈಗ ಅವನ ಮದುವೆ ಗೊತ್ತಾಗಿತ್ತು. ಬೀಗರು ಮನೆ ನೋಡಲು ಬರುವವರಿದ್ದರು. ಅವನ ತಾಯಿ ಗಂಗವ್ವ ಒಂದು ಕೈಯಲ್ಲಿ ಸ್ಪ್ರೇ ಡಬ್ಬಿ ಹಿಡಿದು, "ಇದು ಇರಬೇಕು, ಇಲ್ಲಾ ಸೊಸಿ ಬರಬೇಕು" ಎಂದು ನಿಂತಿದ್ದಳು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಆ ಗಳಿಗೆಗೆ ಕಂಡದ್ದು ಟಾವೆಲ್ ಸುತ್ತಿದ ಒಂದು ಪ್ಲಾಸ್ಟಿಕ್ ಡಬ್ಬ ಮಾತ್ರ.

"ಅಪ್ಪಾ ಕಳಸ್ಯಾರ್ರೀ ಕಾಕಾ. ನಿನ್ನಿ ಫೋನಿನಾಗ ಮಾತಾಗಿತ್ತಂತಲ್ಲ."

ಅಪ್ಪನಿಗೆ ಏನೂ ನೆನಪಾಗಲಿಲ್ಲ. ಆದರೆ ದಿನಕ್ಕೆ ಹತ್ತಾರು ಸ್ಯಾಂಪಲ್ ನೋಡುವವನಿಗೆ ಎಲ್ಲ ಮಾತೂ ನೆನಪಿರಬೇಕೆಂದಿಲ್ಲ. "ಹಾಂ, ತಾ" ಎಂದು ಟಾವೆಲ್ ಸರಿಸಿ, ಮುಚ್ಚಳ ತೆಗೆದು, ತೋಳು ಏರಿಸಿದ. ಗಂಜಿನವರ ಅಭ್ಯಾಸ ನಿಮಗೆ ಗೊತ್ತಿರಲಿಕ್ಕಿಲ್ಲ. ಅಲ್ಲಿ ಮಾಲು ನೋಡುವುದು ಕೈ. ಕಣ್ಣು ಎದುರಿನವರ ಮುಖದ ಮೇಲೆ, ಕೈ ಚೀಲದೊಳಗೆ.

"ಕಾಕಾ! ಕೈ! ಕೈ ಹಾಕಬ್ಯಾಡ್ರೀ!"

ಅಪ್ಪ ಕೆಳಗೆ ನೋಡಿದ. ಒಳಗಿನವಳು ಮೇಲೆ ನೋಡಿದಳು. ಅವಳು ಮುಂದಿನ ಎರಡು ಕಾಲು ಎತ್ತಿದಳು, ಅಪ್ಪ ಎರಡೂ ಕಾಲು ಎತ್ತಿದ. ಮೊಣಕಾಲಿಗೆ ಡಾಕ್ಟರು ಮೆಟ್ಟಿಲು ಹತ್ತಬೇಡ ಎಂದಿದ್ದ ಮನುಷ್ಯ ಯಾವ ಮೆಟ್ಟಿಲ ಸಹಾಯವೂ ಇಲ್ಲದೆ ಕುರ್ಚಿಯ ಮೇಲಿದ್ದ. ಮುಚ್ಚಳ ಹಾಕಿದವನು ಮಲ್ಲು.

"ಏನೋ ಇದು!"

"ತರಾಂಟುಲಾ ರೀ. ನೀವೇ ಅಂದ್ರಂತಲ್ಲ. ಬಣ್ಣ ಕೇಳಿದ್ರಂತ, ಹುಳಾ ಇದ್ರೂ ನಡೀತದ ಅಂದ್ರಂತ. ನಮ್ಮಪ್ಪ ಊರೆಲ್ಲ ಹೇಳ್ಕೊಂಡು ಬಂದಾನ್ರೀ ಕಾಕಾ, ಸಾವಕಾರ್ರ ಮನಸು ಎಂಥಾದ್ದು ಅಂತ."

ಅಪ್ಪ ಕುರ್ಚಿಯ ಮೇಲೆ ನಿಂತೇ ನನ್ನ ಕಡೆ ತಿರುಗಿದ. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತು ಎಂಬುದನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದೆ.

ಅಡುಗೆಮನೆಗೆ ಕರೆದೊಯ್ದು ಅಪ್ಪ ಹೊಡೆಯುತ್ತಾನೆಂದುಕೊಂಡೆ. ಅವನು ಪಿಸುದನಿಯಲ್ಲಿ ಲೆಕ್ಕ ಬಿಡಿಸಿದ. "ಈಗ ನಾ ಅಂದಿಲ್ಲ ಅಂತೀನಿ. ಹಂಗಾದ್ರ ಯಾರು ಅಂದ್ರು ಅಂತ ಕೇಳ್ತಾರ. ನನ್ನ ಮಗ ನನ್ನ ದನಿ ತಗದು ಫೋನಿನಾಗ ಮಾತಾಡ್ತಾನ ಅಂತ ಗಂಜಿನಾಗ ಗೊತ್ತಾತಂದ್ರ, ನಾಳಿಂದ ನಾ ಆತು ಅಂದ್ರ ಯಾವನರೆ ಲಾರಿ ಬಿಡ್ತಾನೇನು? ಹೇಳು, ಬಿಡ್ತಾನೇನು?"

"ಇಲ್ಲಪ್ಪ."

"ಹಂಗಂದ್ಮ್ಯಾಲ ಅಂದಂವ ನಾನೇ. ತಂದಂವ ನೀನು. ಮದುವಿ ಮುಗಿಯೋತನಾ ಇರ್ಲಿ. ಮುಗಿದ ಮ್ಯಾಲ ಕಮಲಾಪುರಕ್ಕ ಒಯ್ದು ವಾಪಸ್ ಕೊಡೂದು."

ಹೊರಗೆ ಬಂದು ಮಲ್ಲುವಿಗೆ ಗಂಭೀರವಾಗಿ, "ಮಾತು ಅಂದ್ರ ಮಾತು. ಮದುವಿ ಆಗೂತನಾ ಇಲ್ಲೇ ಇರ್ಲಿ" ಎಂದ. ಮಲ್ಲುವಿನ ಕಣ್ಣು ತುಂಬಿತು. "ಹೊರಗ ಬಿಡಬ್ಯಾಡ್ರೀ ಕಾಕಾ. ಇದು ನಮ್ಮ ಕಡೀದಲ್ಲ, ಎಲ್ಲಿ ಹೋಗಬೇಕು ಇದಕ್ಕ ಗೊತ್ತಾಗಂಗಿಲ್ಲ. ಬಿಸಲಿಗೆ ಸಾಯದಿದ್ರ ಮಂದಿ ಚಪ್ಪಲಿಗೆ ಸಾಯ್ತದ." ಇಷ್ಟು ಹೇಳಿ, ಡಬ್ಬಕ್ಕೆ ಹಣೆ ಹಚ್ಚಿ, ಬಸ್ಸಿಗೆ ಹೋದ. ಹೆಣ್ಣು ಕೊಟ್ಟು ಕಳಿಸುವ ಮನೆಯಲ್ಲಿ ಅಪ್ಪಂದಿರು ಹಾಗೆ ಹೋಗುವುದನ್ನು ನೋಡಿದ್ದೇನೆ.

ಅವ್ವನಿಗೆ ಹೆಸರು ಬಾಯಲ್ಲಿ ಹೊರಳಲಿಲ್ಲ. ತರಾಂಟುಲಾ ಎರಡು ದಿನ 'ತಾರಾಂಟಿ' ಆಗಿ, ಮೂರನೆಯ ದಿನ 'ತಾರಾಬಾಯಿ' ಆಯಿತು. "ಈ ಮನಿಗೆ ಬಂದಾಗಿಂದ ಜ್ಯಾಡ ಹೊಡದು ಹೊಡದು ನನ್ನ ರಟ್ಟಿ ಹೋಗ್ಯಾವ. ಈಗ ಡಬ್ಬಿ ಕೊಟ್ಟು ಸಾಕಬೇಕೇನು?" ಎಂದು ಗೊಣಗಿದರೂ, ತಾರಾಬಾಯಿಯ ಊಟ ಜಿರಳೆ ಎಂದು ತಿಳಿದ ಮೇಲೆ ಅವ್ವನ ದನಿ ಇಳಿಯಿತು. ಜಿರಳೆ ಹಿಡಿಯುವ ಹುದ್ದೆ ನನಗೆ. ಆದರೆ ನಮ್ಮ ಅಡುಗೆಮನೆಯ ಜಿರಳೆ ಹಿಡಿಯುವ ಹಾಗಿಲ್ಲ, ಮೊದಲೇ ಸ್ಪ್ರೇ ಹೊಡೆದದ್ದು, ತಾರಾಬಾಯಿಗೆ ವಿಷವಾದೀತು. ಹಾಗಾಗಿ ನಾನು ಓಣಿಯ ಮನೆಮನೆಗೆ ಹೋಗಿ, "ಅಕ್ಕಾ, ನಿಮ್ಮ ಮನ್ಯಾಗ ಸ್ಪ್ರೇ ಹೊಡಿಯದ ಜಿರಳಿ ಅದಾವೇನ್ರೀ?" ಎಂದು ಕೇಳಬೇಕಾಯಿತು. ಅಂಥ ಪ್ರಶ್ನೆಯನ್ನು ಯಾವ ದನಿಯಲ್ಲಿ ಕೇಳಿದರೂ ಮರ್ಯಾದೆ ಉಳಿಯುವುದಿಲ್ಲ. ಕಂಡಕ್ಟರನ ದನಿಯಲ್ಲಿ ಕೇಳಿಯೂ ನೋಡಿದೆ.

ಸಿಕ್ಕಿದ್ದು ಬಾನು ಖಾಲಾ ಮನೆಯಲ್ಲಿ. ಖಾಲಾ ಜಿರಳೆ ಕೊಡಲು ಬಂದವರು ಡಬ್ಬದ ಮುಂದೆ ಕೂತೇಬಿಟ್ಟರು. "ಅರೆ, ಇತ್ತೀ ಬಡೀ ಮಕಡೀ! ಹೊಡೀಬ್ಯಾಡ್ರಿ ಬೇಟಾ. ನಮ್ಮಲ್ಲಿ ಮಕಡೀಕು ಮಾರತೇ ನೈ, ಜ್ಯಾಡ ಕೊಲ್ಲಂಗಿಲ್ಲ. ನಮ್ಮ ಪೈಗಂಬರ್ ಹುಜೂರ್ ಗುಹೆಯೊಳಗ ಇದ್ದಾಗ ಬಾಗಿಲಿಗೆ ಜಾಳಿ ಕಟ್ಟಿ ದುಷ್ಮನಗಳಿಂದ ಬಚಾಯಿಸಿತ್ತು." ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು, "ಅದಕ್ಕ ಏನ್ರೀ ಬಾನೂಬಿ, ನಿಮ್ಮ ಮನಿ ಮೂಲ್ಯಾಗ ಅಷ್ಟು ಜ್ಯಾಡ ಇರೂದು?" ಖಾಲಾ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, "ಛೇ, ಅದು ಆಲಸ್ಯ ರೀ" ಎಂದರು. ಇಬ್ಬರೂ ನಕ್ಕದ್ದಕ್ಕೆ ತಾರಾಬಾಯಿ ಹೆದರಿ ಮೂಲೆ ಸೇರಿದಳು.

ನಿಜ ಹೇಳಬೇಕೆಂದರೆ ಜೇಡಗಳ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಋಣಭಾವ ಇದೆ. ಚಿಕ್ಕವನಿದ್ದಾಗ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಮಾಸ್ತರರ ದನಿ ತಾಲೀಮು ಮಾಡುತ್ತಿದ್ದೆ. ಕನ್ನಡಿಯ ಚೌಕಟ್ಟಿನ ಮೇಲೆ ಉದ್ದಿನಕಾಳಿನಷ್ಟು ಒಂದು ಜಿಗಿಯುವ ಜೇಡ ವಾಸವಾಗಿತ್ತು. ನಾನು ಮಾತಾಡಿದರೆ ಅದು ಪೂರಾ ಮೈ ತಿರುಗಿಸಿ ನನ್ನನ್ನೇ ನೋಡುತ್ತಿತ್ತು. ಪದೇ ಪದೇ ಎದ್ದು ಹೊರಗೆ ಹೋಗದ, ನಡುವೆ ಬಾಯಿ ಹಾಕದ, "ನನ್ನ ದನಿ ತೆಗಿ" ಎಂದು ಪೀಡಿಸದ ಪ್ರೇಕ್ಷಕ. ಒಂದು ಪಂಚಮಿಗೆ ಮನೆ ಸ್ವಚ್ಛ ಮಾಡುವಾಗ ಅವ್ವ ಉದ್ದ ಕೋಲಿಗೆ ಕಸಬರಿಗೆ ಕಟ್ಟಿ ಎಲ್ಲ ಮೂಲೆ ಜಾಡಿಸಿದಳು. ಅದರ ಮರುದಿನ ಕನ್ನಡಿಯ ಮುಂದೆ ನಿಂತರೆ ಕಂಡದ್ದು ನನ್ನ ಮುಖ ಒಂದೇ. ಅಷ್ಟು ಬೇಸರದ ದೃಶ್ಯ ಆಮೇಲೂ ನಾನು ಕಂಡಿಲ್ಲ.

ಅಲ್ಲದೆ ಅವುಗಳ ಮೇಲೆ ನಮ್ಮ ಆರೋಪಗಳೂ ವಿಚಿತ್ರ. ತುಟಿಯ ಹತ್ತಿರ ಗುಳ್ಳೆ ಎದ್ದರೆ "ರಾತ್ರಿ ಜ್ಯಾಡ ಹರದದ" ಎನ್ನುತ್ತೇವೆ. ನೊಣ ಕೂತ ಜಿಲೇಬಿ ತಿಂದದ್ದನ್ನು ಯಾರೂ ಹೇಳುವುದಿಲ್ಲ. ಜೇಡ ಎಂಬ ಮಾತಿಗೆ ನೇಕಾರ ಎಂಬ ಅರ್ಥವೂ ಇದೆ. ಬಾಡಿಗೆ ಕೊಡದೆ ಮೂಲೆಯಲ್ಲಿ ಕೂತು ನೇಯುತ್ತದೆ, ಸೊಳ್ಳೆ ಹಿಡಿಯುತ್ತದೆ, ನಮ್ಮ ಜಗಳ ಕೇಳಿಸಿಕೊಂಡು ಯಾರಿಗೂ ಹೇಳುವುದಿಲ್ಲ. ತಾರಾಬಾಯಿ ಮಾತ್ರ ನೇಯ್ಗೆಯಲ್ಲಿ ನನ್ನಷ್ಟೇ ಶ್ರಮಜೀವಿ. ನೆಲಕ್ಕೆ ಒಂದಿಷ್ಟು ದಾರ ಹಾಸಿ, ಅದರ ಮೇಲೆ ದಿನಗಟ್ಟಲೆ ಅಲ್ಲಾಡದೆ ಕೂಡುತ್ತಿದ್ದಳು.

ಆ ಅಲ್ಲಾಡದಿರುವಿಕೆಯೇ ಅಪ್ಪನನ್ನು ಹಿಡಿದದ್ದು ಎಂದು ನನ್ನ ಗುಮಾನಿ. ಡಬ್ಬ ಇಟ್ಟಿದ್ದು ಅಪ್ಪನ ಮೇಜಿನ ಮೇಲೆ, ಯಾಕೆಂದರೆ ಮನೆಯಲ್ಲಿ ಒಣ ಜಾಗ ಅದೊಂದೇ. ಬೆಳಿಗ್ಗೆ ಅಪ್ಪ ಫೋನಿನಲ್ಲಿ ಭಾವ ಮಾತಾಡಿ ಮುಗಿಸಿ, ಡಬ್ಬದ ಕಡೆ ನೋಡಿ, "ಏನ್ ಅಂತಿ ತಾರಾಬಾಯಿ, ಇನ್ನ ಎರಡು ದಿವಸ ತಡೀಬೇಕಿತ್ತೇನು?" ಎನ್ನುವುದನ್ನು ನಾನು ಕದ್ದು ಕೇಳಿದ್ದೇನೆ. ಒಮ್ಮೆ ಅವ್ವನಿಗೂ ಹೇಳಿದ: "ಈ ಮನ್ಯಾಗ ನನ್ನ ಮಾತು ಕೇಳಿ ಸುಮ್ಮನ ಇರೂದು ಇದೊಂದೇ. ಉಳದವ್ರು ಕೇಳಿದ್ದನ್ನ ನನ್ನ ದನಿಯೊಳಗೇ ವಾಪಸ್ ಒದರ್ತಾರ." ಆ 'ಉಳಿದವರು' ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವ್ವ ಕೂಗಿದಳು. ತಾರಾಬಾಯಿ ಅಂಗಾತ ಬಿದ್ದಿದ್ದಳು, ಎಂಟೂ ಕಾಲು ಮೇಲೆ. ಅಪ್ಪ ತುತ್ತು ಬಿಟ್ಟು ಎದ್ದ. ಮಲ್ಲುವಿಗೆ ಫೋನು ಮಾಡಿದೆ, ನನ್ನ ಸ್ವಂತ ದನಿಯಲ್ಲಿ. "ಮುಟ್ಟಬ್ಯಾಡೋ ಮಾರಾಯ, ಪೊರಿ ಬಿಡಾಕತ್ತದ! ಅಲ್ಲಾಡಿಸಿದ್ರ ಕಾಲು ಮುರೀತಾವ, ಸತ್ತೇ ಹೋಗ್ತದ!" ಎಂದ ಅವನು.

ಆವತ್ತು ಮನೆಯಲ್ಲಿ ಫ್ಯಾನು ಬಂದ್, ಟೀವಿ ಬಂದ್, ಅವ್ವನ ಒರಳು ಬಂದ್. ಅಪ್ಪ ಚಷ್ಮಾ ಏರಿಸಿ, ಬೆವರು ಸುರಿಸುತ್ತ, ಡಬ್ಬದ ಮುಂದೆ ಕೂತ. ಗಂಜಿನಿಂದ ಫೋನು ಗುರ್ ಗುರ್ ಎಂದರೂ ಎತ್ತಲಿಲ್ಲ. ನಾನು ಸೀನಿದ್ದಕ್ಕೆ ಇಬ್ಬರೂ ಒಟ್ಟಿಗೆ "ಶ್ಶ್!" ಎಂದರು. ಹಳೆಯ ಮೈಯ ಮೇಲ್ಭಾಗ ಮುಚ್ಚಳದ ಹಾಗೆ ಬಿಚ್ಚಿ, ಅದರೊಳಗಿಂದ ಒದ್ದೆ ಒದ್ದೆ, ಹೊಸ ಕಾಲುಗಳು ಒಂದೊಂದಾಗಿ ಜಾರಿ ಬಂದವು. ಪೂರಾ ಹೊರಗೆ ಬಂದ ಮೇಲೆ ಅವ್ವ ಕಣ್ಣು ಒರೆಸಿಕೊಂಡು, "ಬಿಡಿಸ್ಕೊಂಡಳವ್ವ, ನಮ್ಮವ್ವ" ಎಂದಳು. ನಾನು ಆ ಮಾತನ್ನು ಅವ್ವನ ದನಿಯಲ್ಲೇ ತೆಗೆದು ತೋರಿಸಲು ಬಾಯಿ ತೆರೆದೆ. ಅದನ್ನು ಹಾಗೇ ಮುಚ್ಚಿಕೊಂಡು ಹೋಗಿ ಫ್ಯಾನು ಹಾಕಿದೆ.

ಮದುವೆ ಆಯಿತು. ನಾವೂ ಹೋಗಿ ಉಂಡು ಬಂದೆವು. ಅದಾಗಿ ಒಂದು ರವಿವಾರ ಅಪ್ಪ ಬೆಳಿಗ್ಗೆಯೇ ಇಸ್ತ್ರಿ ಅಂಗಿ ಹಾಕಿಕೊಂಡು, "ನಡಿ, ಮಾತಿನ ಪ್ರಕಾರ ವಾಪಸ್ ಕೊಟ್ಟು ಬರೂಣು" ಎಂದ. ಅವ್ವ ಡಬ್ಬಕ್ಕೆ ಟಾವೆಲ್ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಬಸ್ಸಿನಲ್ಲಿ ಅಪ್ಪ ಡಬ್ಬವನ್ನು ನನಗೆ ಕೊಡಲಿಲ್ಲ, ತೊಡೆಯ ಮೇಲೆ ತಾನೇ ಹಿಡಿದುಕೊಂಡ. ಗುಂಡಿ ಬಂದಾಗಲೆಲ್ಲ ಎತ್ತಿ ಹಿಡಿಯುತ್ತಿದ್ದ. ಕಂಡಕ್ಟರ್ "ಏನ್ರೀ ಅಜ್ಜಾರ, ಪ್ರಸಾದೇನು?" ಎಂದು ಕೇಳಿದ್ದಕ್ಕೆ "ಹಾಂ" ಎಂದಷ್ಟೇ ಹೇಳಿದ. ನಾನು ಚ್ಯಾಷ್ಟಿ ಮಾಡಲು ಹೋಗಲಿಲ್ಲ.

ಕಾಶಪ್ಪ ಹೊಲಕ್ಕೆ ಹೋಗಿದ್ದ. ಗಂಗವ್ವ ಪಡಸಾಲೆಯಲ್ಲಿ ಚಾಪೆ ಹಾಸಿ, ಕೆಂಪು ಬಾಳೆಹಣ್ಣು ತಂದಿಟ್ಟು, "ಬರ್ರೀ ಅಣ್ಣಾರ, ಕುಂದರ್ರೀ" ಎಂದಳು. ಟಾವೆಲ್ ಸುತ್ತಿದ ಡಬ್ಬವನ್ನು ನೋಡಿದಾಗಲೂ ಮುಖದ ನಗು ಹಾಗೇ ಇತ್ತು, ಕೈ ಮಾತ್ರ ಕಿಟಕಿಯ ಮೇಲಿನ ಸ್ಪ್ರೇ ಡಬ್ಬಿಗೆ ಹೋಯಿತು.

"ತಂದ್ರೇನು? ಇಡ್ರೀ ಅಲ್ಲಿ ಅಂಗಳದಾಗ. ನಿಮಗ್ಯಾಕ ತ್ರಾಸು, ಒಂದೇ ನಿಮಿಷದ ಕೆಲಸ."

"ಯವ್ವಾ!" ಎಂದ ಮಲ್ಲು. ಹೊಸ ಮದುವೆಯ ಗಂಡಸಿನ ದನಿ ತಾಯಿಯ ಮುಂದೆ ಅಷ್ಟೇ ಏಳುವುದು. "ನಿನ್ನ ಸೊಸಿನೇ ಬ್ಯಾಡ ಅಂದಿಲ್ಲಬೇ, ಇರ್ಲಿ ಬಿಡು ಅಂದಾಳ..."

"ಅಕಿ ನಿನ್ನಿ ಬಂದಾಕಿ, ಏನಂತಾಳ? ನಾ ಅನ್ನಾಕತ್ತೀನಲ್ಲ. ಬ್ಯಾಡ."

ಅಪ್ಪ ಡಬ್ಬವನ್ನು ಕೆಳಗಿಡಲಿಲ್ಲ. ಟಾವೆಲ್ಲಿನ ಅಂಚು ಸರಿಸಿ ಒಳಗೆ ನೋಡಿದ. ತಾರಾಬಾಯಿ ಬಸ್ಸಿನ ಕುಲುಕಿಗೆ ಕಾಲೆಲ್ಲ ಮಡಿಸಿಕೊಂಡು ಒಂದು ಮೂಲೆಯಲ್ಲಿ ಮುದ್ದೆಯಾಗಿದ್ದಳು. ನನಗೆ ತಡೆಯಲಾಗಲಿಲ್ಲ. ಇವಳನ್ನು ಕರೆಸಿಕೊಂಡದ್ದು ನಾನು, ನನ್ನ ನಾಲಿಗೆ. ಸಾಯಲು ಕೊಟ್ಟು ಹೋಗುವುದಾದರೆ ನಿಜ ಹೇಳಿಯೇ ಹೋಗಬೇಕು ಎನ್ನಿಸಿತು. "ಚಿಗವ್ವ, ಆವತ್ತು ಫೋನಿನಾಗ ಮಾತಾಡಿದ್ದು..." ಎಂದು ಶುರು ಮಾಡಿದೆ.

ಅಪ್ಪ ನನ್ನ ಪಾದದ ಮೇಲೆ ಹಿಮ್ಮಡಿ ಊರಿದ. "ನಾನೇ ಮಾತಾಡಿದ್ದು" ಎಂದ. ಮತ್ತೆ ಟಾವೆಲ್ಲನ್ನು ಡಬ್ಬಕ್ಕೆ ಸುತ್ತಿ, ಎರಡು ಸಲ ಗಂಟು ಹಾಕಿ, ಎದ್ದು ನಿಂತ.

"ಅಲ್ರೀ ಅಣ್ಣಾರ, ವಾಪಸ್ ಒಯ್ತೀರೇನು?" ಗಂಗವ್ವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಹಾಲು ಕೊಡಂಗಿಲ್ಲ, ಮನಿ ಕಾಯಂಗಿಲ್ಲ, ಕರದ್ರ ಬರಂಗಿಲ್ಲ. ಇಂಥಾದ್ದನ್ನ ಮನ್ಯಾಗ ಇಟ್ಕೊಂಡು ಏನು ಉಪಯೋಗ ರೀ?"

ಅಪ್ಪ ಚಪ್ಪಲಿ ಮೆಟ್ಟುತ್ತ ನನ್ನನ್ನು ಅಡಿಯಿಂದ ಮುಡಿಯತನಕ ಒಮ್ಮೆ ನೋಡಿದ.

"ಉಪಯೋಗ ನೋಡಿ ಮನ್ಯಾಗ ಇಟ್ಕೊಳ್ಳೋದಿದ್ರ, ತಂಗೆವ್ವಾ, ನಾ ಮೊದ್ಲ ಇವನ್ನ ಇಲ್ಲಿ ಬಿಟ್ಟು ಹೋಗ್ತಿದ್ದೆ."